ಕಮಾನುಗಳ ನಡುವಿನ ಜಾಗ: ಉದಯಗಿರಿ–ಖಂಡಗಿರಿ ಜೈನ ಗುಹೆಗಳ ಉಬ್ಬುಶಿಲ್ಪಗಳು

ಒಡಿಶಾದ ರಾಜಧಾನಿ ಭುವನೇಶ್ವರದ ಪಶ್ಚಿಮಕ್ಕೆ 7–8 ಕಿ.ಮೀ. ದೂರದಲ್ಲಿ ಎರಡು ಚಿಕ್ಕ ಗುಡ್ಡಗಳಿವೆ. ಒಂದು ಉದಯಗಿರಿ, ಇನ್ನೊಂದು ಖಂಡಗಿರಿ. ಇವುಗಳ ನಡುವೆ ರಸ್ತೆ ಹಾದುಹೋಗುತ್ತದೆ. ಎರಡು ಸಾವಿರ ವರ್ಷಗಳ ಹಿಂದೆ ಜೈನ ಮುನಿಗಳ ವಾಸಕ್ಕಾಗಿ ಇಲ್ಲಿ ಗುಹೆಗಳನ್ನು ಕೊರೆಯಲಾಯಿತು. ಪುರಾತತ್ವ ಇಲಾಖೆಯ ಎಣಿಕೆಯಂತೆ ಉದಯಗಿರಿಯಲ್ಲಿ 18, ಖಂಡಗಿರಿಯಲ್ಲಿ 15 ಗುಹೆಗಳಿವೆ. ಸ್ಥಳೀಯರು ಗುಹೆಯನ್ನು ‘ಗುಂಫಾ’ ಎನ್ನುತ್ತಾರೆ.

ಸಮ್ಮೇದ ಶಿಖರ್ಜಿಯ ಯಾತ್ರೆಗೆ ಹೋದ ಶ್ರಾವಕರಲ್ಲಿ ಕೆಲವರು ಇಲ್ಲಿಗೂ ಬರುತ್ತಾರೆ. ಖಂಡಗಿರಿಯ ತುದಿಯಲ್ಲಿರುವ ಬಸದಿಯ ದರ್ಶನ ಮಾಡುತ್ತಾರೆ, ಹಾಥಿಗುಂಫಾದಲ್ಲಿ ಖಾರವೇಲನ ಶಾಸನ ನೋಡುತ್ತಾರೆ, ಹಿಂದಿರುಗುತ್ತಾರೆ. ಆದರೆ ಈ ಗುಡ್ಡಗಳ ಬಹುಮುಖ್ಯ ಶಿಲ್ಪಗಳು ಗರ್ಭಗುಡಿಯಲ್ಲೂ ಇಲ್ಲ, ಕಂಬಗಳ ಮೇಲೂ ಇಲ್ಲ. ಅವು ಇರುವುದು ಮುನಿಗಳ ಕೋಣೆಗಳ ಬಾಗಿಲ ಮೇಲೆ, ಒಂದು ಕಮಾನಿಗೂ ಇನ್ನೊಂದು ಕಮಾನಿಗೂ ನಡುವೆ ಉಳಿದ ಜಾಗದಲ್ಲಿ. ಜೈನ ಪರಂಪರೆಗೆ ಸೇರಿದ ಅತ್ಯಂತ ಹಳೆಯ ಶಿಲ್ಪಗಳಲ್ಲಿ ಇವೂ ಸೇರಿವೆ. ಈ ಲೇಖನ ಅವುಗಳ ಪರಿಚಯ.

ಕಮಾನಿನ ಮೂಲೆ ಎಂದರೇನು?

ಚೌಕಾಕಾರದ ಗೋಡೆಯಲ್ಲಿ ದುಂಡಗಿನ ಕಮಾನು ಬರೆದರೆ, ಕಮಾನಿನ ಎಡಕ್ಕೂ ಬಲಕ್ಕೂ ಮೇಲ್ಭಾಗದಲ್ಲಿ ತ್ರಿಕೋನದಂಥ ಎರಡು ಮೂಲೆಗಳು ಉಳಿಯುತ್ತವೆ. ಸಾಲಾಗಿ ಎರಡು ಮೂರು ಕಮಾನುಗಳಿದ್ದರೆ ಅಕ್ಕಪಕ್ಕದ ಮೂಲೆಗಳು ಸೇರಿ, ಮೇಲೆ ಅಗಲವಾಗಿ ಕೆಳಗೆ ಚೂಪಾದ ಆಲಿಕೆಯ ಆಕಾರದ ಜಾಗವಾಗುತ್ತದೆ. ವಾಸ್ತುಶಾಸ್ತ್ರದ ಇಂಗ್ಲಿಷ್ ಪುಸ್ತಕಗಳಲ್ಲಿ ಇದಕ್ಕೆ ‘ಸ್ಪ್ಯಾಂಡ್ರೆಲ್’ ಎಂಬ ಹೆಸರಿದೆ. ಇಲ್ಲಿ ಅದನ್ನು ಕಮಾನಿನ ಮೂಲೆ ಎಂದು, ಸಾಲುಕಮಾನುಗಳಿದ್ದಲ್ಲಿ ಕಮಾನುಗಳ ನಡುವಿನ ಜಾಗ ಎಂದು ಕರೆಯಲಾಗಿದೆ.

ಕಲ್ಲು ಅಥವಾ ಇಟ್ಟಿಗೆ ಜೋಡಿಸಿ ಕಟ್ಟಿದ ಕಮಾನಿನಲ್ಲಿ ಈ ಮೂಲೆಗೆ ಒಂದು ಕೆಲಸವಿದೆ. ಮೇಲಿನ ಭಾರ ಬಿದ್ದಾಗ ಕಮಾನು ಎರಡು ಪಕ್ಕಕ್ಕೆ ಉಬ್ಬಿಕೊಳ್ಳಲು ನೋಡುತ್ತದೆ. ಮೂಲೆಯಲ್ಲಿ ತುಂಬಿದ ಗಾರೆ ಕಲ್ಲಿನ ತೂಕ ಅದನ್ನು ಅದುಮಿ ಹಿಡಿಯುತ್ತದೆ. ಹೊರಗಿನಿಂದ ಮಾತ್ರ ಅದು ಬೋಳು ಜಾಗವಾಗಿ ಕಾಣುತ್ತದೆ. ಹಾಗಾಗಿ ಎಲ್ಲ ಕಾಲದ ಕುಶಲಕರ್ಮಿಗಳೂ ಅಲ್ಲಿ ಏನಾದರೊಂದು ಅಲಂಕಾರ ಮಾಡಿದ್ದಾರೆ. ವಿಜಯಪುರದ ಆದಿಲ್‌ಶಾಹಿ ಕಟ್ಟಡಗಳನ್ನು ನೋಡಿದವರಿಗೆ ಇದು ಗೊತ್ತು. ಕಮಾನಿನ ಎರಡೂ ಮೂಲೆಗಳಲ್ಲಿ ಬಾಗಿದ ಬೋದಿಗೆಯೊಂದು ದುಂಡು ಪದಕವನ್ನು ಹೊತ್ತಂತೆ ಗಾರೆಯಲ್ಲಿ ಮಾಡಿರುತ್ತಾರೆ. ದೆಹಲಿಯ ಸುಲ್ತಾನರ ಮತ್ತು ಮೊಘಲರ ಕಟ್ಟಡಗಳಲ್ಲಿ ಅದೇ ಜಾಗದಲ್ಲಿ ಕಮಲದ ಹೂವೋ ಬಳ್ಳಿಯೋ ಇರುತ್ತದೆ.

ಉದಯಗಿರಿ–ಖಂಡಗಿರಿಯ ಕಮಾನುಗಳು ಇವೆಲ್ಲಕ್ಕಿಂತ ಒಂದು ಸಾವಿರ ವರ್ಷಕ್ಕೂ ಹೆಚ್ಚು ಹಳೆಯವು. ಅಲ್ಲಿನ ಮೂಲೆಗಳಲ್ಲಿ ಹೂಬಳ್ಳಿಗಿಂತ ಹೆಚ್ಚಾಗಿ ಜನರಿದ್ದಾರೆ, ಕಥೆಗಳಿವೆ.

ಭಾರ ಹೊರದ ಕಮಾನು

ಈ ಗುಹೆಗಳ ಕಮಾನನ್ನು ಯಾರೂ ಕಟ್ಟಿದ್ದಲ್ಲ. ಮೊಗಸಾಲೆ, ಕೋಣೆ, ಬಾಗಿಲು ಎಲ್ಲವೂ ಒಂದೇ ಬಂಡೆಯಲ್ಲಿ ಕೊರೆದವು. ಬಾಗಿಲಿನ ಎರಡು ಪಕ್ಕದಲ್ಲಿ ಗೋಡೆಗೆ ಅಂಟಿಕೊಂಡಂತೆ ಅರೆಗಂಬಗಳಿವೆ. ಅರೆಗಂಬದ ತಲೆಯ ಮೇಲೆ ಬೆನ್ನಿಗೆ ಬೆನ್ನು ಕೊಟ್ಟು ಕುಳಿತ ಜೋಡಿ ಪ್ರಾಣಿಗಳು. ಅಲ್ಲಿಂದ ಕಮಾನಿನ ಪಟ್ಟಿ ಎದ್ದು ಬಾಗಿಲ ಮೇಲೆ ಬಾಗಿ ಆಚೆಯ ಅರೆಗಂಬಕ್ಕೆ ಇಳಿಯುತ್ತದೆ. ಬಾಗಿಲು ಮಾತ್ರ ಚೌಕವಾಗಿಯೇ ಇದೆ. ಬಾಗಿಲ ತಲೆಗೂ ಕಮಾನಿಗೂ ನಡುವೆ ಅರ್ಧಚಂದ್ರದಂಥ ಜಾಗ ಉಳಿಯುತ್ತದೆ.

ಮೇಲಿನ ಭಾರವನ್ನು ಬಂಡೆಯೇ ಹೊತ್ತಿದೆ, ಕಮಾನು ಏನನ್ನೂ ಹೊತ್ತಿಲ್ಲ. ಮರ, ಬಿದಿರು, ಹುಲ್ಲಿನಿಂದ ಕಟ್ಟುತ್ತಿದ್ದ ಅಂದಿನ ಮನೆಗಳ ಬಾಗಿದ ಮಾಡನ್ನು ಕಲ್ಲಿನಲ್ಲಿ ಅನುಕರಿಸಿದ್ದು ಅದು. ಆದ್ದರಿಂದ ಶಿಲ್ಪಿಗೆ ಎರಡು ಜಾಗ ಸಿಕ್ಕಿತು. ಒಂದು, ಕಮಾನಿನ ಒಳಗಿನ ಅರ್ಧಚಂದ್ರ. ಎರಡು, ಕಮಾನುಗಳ ನಡುವಿನ ಮೂಲೆ. ಸಾಮಾನ್ಯ ಗುಹೆಗಳಲ್ಲಿ ಈ ಜಾಗವನ್ನು ಕಟಕಟೆಯ ವಿನ್ಯಾಸದಿಂದ ತುಂಬಿ ಬಿಟ್ಟಿದ್ದಾರೆ. ಅಂದಿನ ಸ್ತೂಪಗಳ ಮತ್ತು ಪೂಜ್ಯ ವೃಕ್ಷಗಳ ಸುತ್ತ ಹಾಕುತ್ತಿದ್ದ ‘ವೇದಿಕೆ’ ಎಂಬ ಬೇಲಿಯ ಚಿತ್ರ ಅದು. ಹೆಚ್ಚು ಮುತುವರ್ಜಿಯಿಂದ ಮಾಡಿಸಿದ ಗುಹೆಗಳಲ್ಲಿ ಕಟಕಟೆಯ ಬದಲು ಮನುಷ್ಯರ, ಪ್ರಾಣಿಗಳ, ವಿದ್ಯಾಧರರ ಉಬ್ಬುಶಿಲ್ಪಗಳಿವೆ.

ಕೋಣೆಯ ಒಳಗೆ ಹೋದರೆ ಏನೂ ಇಲ್ಲ. ಬೋಳು ಗೋಡೆ, ತಗ್ಗು ಸೂರು, ಅನೇಕ ಕಡೆ ನೆಟ್ಟಗೆ ನಿಲ್ಲುವಷ್ಟೂ ಎತ್ತರವಿಲ್ಲ. ನೆಲವನ್ನು ಹಿಂದಿನ ಗೋಡೆಯ ಕಡೆ ಸ್ವಲ್ಪ ಎತ್ತರಿಸಿ ತಲೆದಿಂಬಿನ ಹಾಗೆ ಬಿಟ್ಟಿದ್ದಾರೆ, ಅಷ್ಟೇ. ಅಪರಿಗ್ರಹ ವ್ರತದ ಮುನಿಗಳಿಗೆ ಅಷ್ಟು ಸಾಕಿತ್ತು. ಗುಹೆ ಮಾಡಿಸಿದ ಅರಸ, ರಾಣಿ, ಅಧಿಕಾರಿಗಳು ತಮ್ಮ ಭಕ್ತಿಯನ್ನೂ ವೈಭವವನ್ನೂ ತೋರಿದ್ದು ಕೋಣೆಯ ಹೊರಗೆ, ಬಾಗಿಲ ಮೇಲೆ. ಒಳಗೆ ತ್ಯಾಗ, ಹೊರಗೆ ಸಂಸಾರ. ಇವೆರಡರ ನಡುವಿನ ಗೆರೆ ಈ ಕಮಾನಿನ ಸಾಲು.

ಮಾಡಿಸಿದವರು

ಹಾಥಿಗುಂಫಾದ ಬಂಡೆಯ ಮೇಲೆ ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆಯ 17 ಸಾಲುಗಳ ಶಾಸನವಿದೆ. ಅರಿಹಂತರಿಗೂ ಸಿದ್ಧರಿಗೂ ನಮಸ್ಕರಿಸಿ ಅದು ಆರಂಭವಾಗುತ್ತದೆ. ಮಹಾಮೇಘವಾಹನ ವಂಶದ ಕಲಿಂಗದ ಅರಸ ಖಾರವೇಲ ತನ್ನ ಆಳ್ವಿಕೆಯ ಒಂದೊಂದು ವರ್ಷದಲ್ಲಿ ಏನು ಮಾಡಿದನೆಂದು ಅದರಲ್ಲಿ ಕ್ರಮವಾಗಿ ಬರೆಸಿದ್ದಾನೆ. ಅವನ ಕಾಲ ಕ್ರಿ.ಪೂ. 1ನೆಯ ಶತಮಾನ ಎಂದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಕ್ರಿ.ಪೂ. 2ನೆಯ ಶತಮಾನ ಎನ್ನುವವರೂ ಇದ್ದಾರೆ.

ಶಾಸನದ ಪ್ರಕಾರ ಮೊದಲ ವರ್ಷ ಅವನು ಬಿರುಗಾಳಿಗೆ ಹಾಳಾದ ರಾಜಧಾನಿಯ ಬಾಗಿಲು, ಕೋಟೆಗೋಡೆಗಳನ್ನು ದುರಸ್ತಿ ಮಾಡಿಸಿದ. ಗಾಂಧರ್ವ ವಿದ್ಯೆ ಬಲ್ಲ ಅವನು ಮೂರನೆಯ ವರ್ಷ ನೃತ್ಯ, ಗೀತ, ವಾದ್ಯಗಳಿಂದ ನಗರದ ಜನರನ್ನು ರಂಜಿಸಿದ. ಐದನೆಯ ವರ್ಷ ಹಿಂದೆ ನಂದರಾಜ ತೋಡಿಸಿದ್ದ ಕಾಲುವೆಯನ್ನು ರಾಜಧಾನಿಯವರೆಗೆ ತಂದ. ಹನ್ನೆರಡನೆಯ ವರ್ಷ ಮಗಧದ ಅರಸನನ್ನು ಮಣಿಸಿ, ನಂದರಾಜ ಒಯ್ದಿದ್ದ ‘ಕಲಿಂಗ ಜಿನ’ನನ್ನು ಮರಳಿ ತಂದ. ಹದಿಮೂರನೆಯ ವರ್ಷ ಕುಮಾರೀ ಪರ್ವತದಲ್ಲಿ ಅರ್ಹತರಿಗಾಗಿ ಗುಹೆಗಳನ್ನು ಮಾಡಿಸಿದ. ಇಂದಿನ ಉದಯಗಿರಿಯೇ ಆ ಕುಮಾರೀ ಪರ್ವತ.

ಅವನೊಬ್ಬನೇ ಅಲ್ಲ. ಎರಡು ಅಂತಸ್ತಿನ ಒಂದು ಗುಹೆಯ ಮೇಲಂತಸ್ತನ್ನು ಸ್ವರ್ಗಪುರಿ ಎನ್ನುತ್ತಾರೆ. ಅದನ್ನು ಮಾಡಿಸಿದವಳು ಖಾರವೇಲನ ಪಟ್ಟದ ರಾಣಿ ಎಂದು ಅಲ್ಲಿನ ಶಾಸನ ಹೇಳುತ್ತದೆ. ಅದರ ಕೆಳಗಿನ ಮಂಚಪುರಿಯಲ್ಲಿ ಅದೇ ವಂಶದ ಇನ್ನೊಬ್ಬ ಅರಸನ ಮತ್ತು ಒಬ್ಬ ರಾಜಕುಮಾರನ ಹೆಸರುಗಳಿವೆ. ಕಲಿಂಗದ ರಾಜಮನೆತನ ಶ್ರಾವಕ ಶ್ರಾವಿಕೆಯರಾಗಿ ಕೊಟ್ಟ ವಸತಿದಾನ ಇದು.

ಅನಂತ ಗುಂಫಾ: ಹೆಸರು ಕೊಟ್ಟ ಹಾವುಗಳು

ಖಂಡಗಿರಿಯ 3ನೆಯ ಗುಹೆಯ ಹೆಸರು ಅನಂತ ಗುಂಫಾ. ಇದು 14ನೆಯ ತೀರ್ಥಂಕರ ಅನಂತನಾಥರಿಂದ ಬಂದ ಹೆಸರೆಂದು ಕೆಲವರು ಭಾವಿಸುವುದುಂಟು. ನಿಜದಲ್ಲಿ ಅದು ಕಮಾನಿನಿಂದ ಬಂದದ್ದು. ಇಲ್ಲಿನ ಕಮಾನುಗಳ ಬೆನ್ನಿನ ಮೇಲೆ ಎರಡು ಕಡೆಯಿಂದಲೂ ಮೂರು ಹೆಡೆಯ ಹಾವುಗಳು ಇಳಿದು ಬಂದಂತೆ ಕೆತ್ತಿದ್ದಾರೆ. ಅವುಗಳನ್ನು ನೋಡಿ ಜನ ‘ಅನಂತ’ ಎಂದರು.

ಗುಹೆಗೆ ನಾಲ್ಕು ಬಾಗಿಲು, ನಾಲ್ಕು ಕಮಾನು. ಒಳಗಿನ ಅರ್ಧಚಂದ್ರಗಳಲ್ಲಿ ಒಂದರಲ್ಲಿ ಆನೆ, ಒಂದರಲ್ಲಿ ನಾಲ್ಕು ಕುದುರೆಗಳ ರಥದಲ್ಲಿ ಸೂರ್ಯ, ಒಂದರಲ್ಲಿ ಎರಡು ಆನೆಗಳು ಅಭಿಷೇಕ ಮಾಡುತ್ತಿರುವ ಲಕ್ಷ್ಮಿ, ಇನ್ನೊಂದರಲ್ಲಿ ಕಟಕಟೆಯೊಳಗಿನ ಪೂಜ್ಯ ವೃಕ್ಷ ಮತ್ತು ಅದನ್ನು ಪೂಜಿಸುತ್ತಿರುವ ಗಂಡು ಹೆಣ್ಣು. ಕಮಾನಿನ ಪಟ್ಟಿಗಳ ಮೇಲೆ ಹೂವು, ಹಂಸ, ಪ್ರಾಣಿಗಳ ಸಾಲು. ಕಮಾನಿನ ನೆತ್ತಿಯಲ್ಲಿ ಮಂಗಲ ಚಿಹ್ನೆಗಳು.

ಕಮಾನುಗಳ ನಡುವಿನ ಮೂಲೆಗಳಲ್ಲಿ ವಿದ್ಯಾಧರರಿದ್ದಾರೆ. ತಟ್ಟೆಯಲ್ಲಿ ಹೂಮಾಲೆ, ಕಾಣಿಕೆ ಹಿಡಿದು ಅವರು ಹಾರಿ ಬರುತ್ತಿದ್ದಾರೆ. ಮೇಲೆ ಅಗಲ, ಕೆಳಗೆ ಕಿರಿದು ಎನ್ನುವ ಜಾಗದಲ್ಲಿ ನಿಂತ ಮನುಷ್ಯನನ್ನು ಕೆತ್ತಿದರೆ ಕಾಲ ಬಳಿ ಇಕ್ಕಟ್ಟು, ತಲೆಯ ಎರಡು ಪಕ್ಕ ಖಾಲಿ. ಹಾರುವ ಮನುಷ್ಯನಿಗೆ ಆ ತೊಂದರೆಯಿಲ್ಲ. ಮೈ ಓರೆಯಾಗಿ ಚಾಚಿಕೊಳ್ಳುತ್ತದೆ, ಮಡಚಿದ ಕಾಲು ಕಮಾನಿನ ಬಾಗನ್ನು ಅನುಸರಿಸುತ್ತದೆ, ಹಿಡಿದ ತಟ್ಟೆ ಮೂಲೆಯನ್ನು ತುಂಬುತ್ತದೆ. ಜಾಗಕ್ಕೆ ತಕ್ಕ ವಿಷಯವನ್ನು ಶಿಲ್ಪಿ ಆರಿಸಿಕೊಂಡಿದ್ದಾನೆ. ಮುನಿಗಳ ದರ್ಶನಕ್ಕೆ ಆಕಾಶದಿಂದಲೂ ಜನ ಬರುತ್ತಾರೆ ಎಂಬ ಅರ್ಥವೂ ಅದರಲ್ಲಿ ಸೇರಿದೆ.

ಆನೆ, ಸೂರ್ಯ, ಅಭಿಷೇಕದ ಲಕ್ಷ್ಮಿ ಎಂದೊಡನೆ ಜೈನ ಓದುಗರಿಗೆ ತೀರ್ಥಂಕರರ ಮಾತೆ ಕಾಣುವ 16 ಸ್ವಪ್ನಗಳು ನೆನಪಾಗುತ್ತವೆ. ಮೂರೂ ಆ ಪಟ್ಟಿಯಲ್ಲಿವೆ. ಆದರೆ ನಾಲ್ಕನೆಯದಾದ ವೃಕ್ಷಪೂಜೆ ಆ ಪಟ್ಟಿಯಲ್ಲಿಲ್ಲ. ಲಕ್ಷ್ಮಿ, ಸೂರ್ಯ, ಪೂಜ್ಯ ವೃಕ್ಷಗಳು ಅದೇ ಕಾಲದ ಬೌದ್ಧ ಸ್ಥಳಗಳಲ್ಲೂ ಕಾಣುತ್ತವೆ. ಹಾಗಾಗಿ ಇದು ಸ್ವಪ್ನಗಳ ಚಿತ್ರವೇ ಎಂದು ತೀರ್ಮಾನಿಸುವುದು ಸರಿಯಲ್ಲ. ಅಂದಿನ ಎಲ್ಲ ಜನ ಶುಭವೆಂದು ನಂಬಿದ್ದ ಚಿಹ್ನೆಗಳನ್ನು ಜೈನ ಗೃಹಸ್ಥರೂ ಮುನಿಗಳ ಬಾಗಿಲ ಮೇಲೆ ಇರಿಸಿದರು ಎನ್ನುವುದಷ್ಟೇ ಖಚಿತ. ಗುಹೆಯ ಒಳಗೆ ಹಿಂದಿನ ಗೋಡೆಯಲ್ಲೂ ಮಂಗಲ ಚಿಹ್ನೆಗಳ ಒಂದು ಸಾಲಿದೆ.

ತತೋವಾ ಮತ್ತು ಜಯ-ವಿಜಯ

ಖಂಡಗಿರಿಯಲ್ಲಿ ಮೆಟ್ಟಿಲ ಹತ್ತಿರವೇ ಇರುವ 1 ಮತ್ತು 2ನೆಯ ಗುಹೆಗಳನ್ನು ತತೋವಾ ಗುಂಫಾ ಎನ್ನುತ್ತಾರೆ. ಈ ಹೆಸರೂ ಕಮಾನಿನಿಂದಲೇ ಬಂದಿದೆ. ಬಾಗಿಲ ಕಮಾನಿನ ಮೇಲೆ ಗಿಳಿಗಳನ್ನು ಕೆತ್ತಿದ್ದಾರೆ, ಗಿಳಿಗೆ ಆ ಕಡೆಯ ಮಾತು ‘ತೋತಾ’. ಗುಹೆ ಮಾಡಿಸಿದವರ ಹೆಸರು ಮರೆತುಹೋದ ಮೇಲೂ ಕಮಾನಿನ ಪಕ್ಕದ ಗಿಳಿ, ಹಾವುಗಳು ಜನರ ಬಾಯಲ್ಲಿ ಉಳಿದವು.

ಉದಯಗಿರಿಯ ಜಯ-ವಿಜಯ ಗುಂಫಾದಲ್ಲಿ ಎರಡು ಕಮಾನುಗಳ ನಡುವಿನ ಜಾಗವನ್ನು ವೃಕ್ಷಪೂಜೆಗೆ ಮೀಸಲಿಟ್ಟಿದ್ದಾರೆ. ನಡುವೆ ಕಟಕಟೆಯೊಳಗೆ ಮರ, ಎರಡು ಕಡೆ ಪೂಜಿಸುವವರು. ಆಲಿಕೆಯಾಕಾರದ ಜಾಗದಲ್ಲಿ ಮರದ ಬುಡ ಕೆಳಗೆ ಕಿರಿದಾಗಿ, ಕೊಂಬೆಗಳು ಮೇಲೆ ಅಗಲವಾಗಿ ಹರಡಿಕೊಳ್ಳಲು ಸರಿಯಾಗಿ ಒದಗಿದೆ.

ಮಂಚಪುರಿ: ಸವೆದುಹೋದ ನಡುಭಾಗ

ಉದಯಗಿರಿಯ 9ನೆಯ ಗುಹೆಯಾದ ಮಂಚಪುರಿಯ ಕಮಾನುಗಳ ನಡುವೆ ಇರುವ ಒಂದು ಫಲಕ ಜೈನ ಇತಿಹಾಸದ ದೃಷ್ಟಿಯಿಂದ ಎಲ್ಲಕ್ಕಿಂತ ಮುಖ್ಯವಾದುದು. ರಾಜಪರಿವಾರದಂತೆ ಕಾಣುವ ಕೆಲವರು ಕೈಮುಗಿದು ಒಂದು ಪೀಠದ ಕಡೆ ಬರುತ್ತಿದ್ದಾರೆ. ಅವರಲ್ಲಿ ಒಬ್ಬನ ತಲೆಯ ಮೇಲೆ ಕಿರೀಟವಿದೆ. ಹತ್ತಿರ ಆನೆ ನಿಂತಿದೆ. ಮೇಲೆ ಆಕಾಶದಲ್ಲಿ ಹಾರುವವರಿದ್ದಾರೆ, ವಾದ್ಯವೂ ಇದೆ. ಇಷ್ಟೆಲ್ಲ ಜನ ಪೂಜಿಸುತ್ತಿರುವ ವಸ್ತು ಯಾವುದು?

ಖಾರವೇಲ ಮಗಧದಿಂದ ಮರಳಿ ತಂದ ಕಲಿಂಗ ಜಿನನೇ ಅದಿರಬಹುದು ಎಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ. ಅದು ನಿಜವಾಗಿದ್ದರೆ ಹಾಥಿಗುಂಫಾ ಶಾಸನದ ಮಾತಿಗೆ ಕಲ್ಲಿನ ಚಿತ್ರವೂ ಸಾಕ್ಷಿಯಾಗುತ್ತಿತ್ತು. ಆದರೆ ಪೀಠದ ಮೇಲಿನ ಆ ವಸ್ತುವೇ ಗುರುತು ಸಿಗದಷ್ಟು ಸವೆದುಹೋಗಿದೆ. ಸುತ್ತ ಕೈಮುಗಿದವರು ಉಳಿದಿದ್ದಾರೆ, ಅವರು ಯಾರಿಗೆ ಕೈಮುಗಿದರೋ ಆ ಜಾಗ ಖಾಲಿಯಾಗಿದೆ.

ರಾಣಿ ಗುಂಫಾ

ಉದಯಗಿರಿಯ 1ನೆಯ ಗುಹೆ ರಾಣಿ ಗುಂಫಾ ಎಲ್ಲಕ್ಕಿಂತ ದೊಡ್ಡದು. ತೆರೆದ ಅಂಗಳದ ಮೂರು ಕಡೆ ಎರಡು ಅಂತಸ್ತುಗಳಲ್ಲಿ ಕೋಣೆಗಳ ಸಾಲಿದೆ. ಬಾಗಿಲುಗಳು ಹೆಚ್ಚಿದಷ್ಟೂ ಕಮಾನುಗಳು ಹೆಚ್ಚು, ಕಮಾನುಗಳು ಹೆಚ್ಚಿದಷ್ಟೂ ನಡುವಿನ ಜಾಗ ಹೆಚ್ಚು. ಹಾಗಾಗಿ ಶಿಲ್ಪವೂ ಇಲ್ಲಿ ಅತಿ ಹೆಚ್ಚು.

ಕೆಳ ಅಂತಸ್ತಿನ ಮುಖ್ಯ ಸಾಲಿನಲ್ಲಿ ಅರಸನೊಬ್ಬ ರಾಜಧಾನಿಯಿಂದ ಹೊರಟು, ಊರೂರು ಸುತ್ತಿ, ಮರಳಿ ಬರುವ ದೃಶ್ಯಗಳಿವೆ. ಮನೆಗಳ ಬಾಗಿಲಲ್ಲಿ, ಮಹಡಿಯಲ್ಲಿ ನಿಂತು ಜನ ನೋಡುತ್ತಿದ್ದಾರೆ. ಪಕ್ಕದ ಚಿಕ್ಕ ಸಾಲಿನಲ್ಲಿ ಒಂದು ಮಂಟಪದಲ್ಲಿ ಹೆಂಗಸೊಬ್ಬಳು ನರ್ತಿಸುತ್ತಿದ್ದಾಳೆ, ಜೊತೆಗೆ ಮದ್ದಳೆ, ವೀಣೆಯಂಥ ತಂತಿವಾದ್ಯ, ಕೊಳಲು ನುಡಿಸುವವರಿದ್ದಾರೆ. ಒಡಿಸ್ಸಿ ನೃತ್ಯದ ಇತಿಹಾಸ ಬರೆಯುವವರು ಮೊದಲ ಪುರಾವೆಯಾಗಿ ಇದನ್ನೇ ತೋರಿಸುತ್ತಾರೆ. ಮೂರನೆಯ ವರ್ಷ ಖಾರವೇಲ ನಗರದಲ್ಲಿ ನಡೆಸಿದ ಸಂಗೀತ ನೃತ್ಯಗಳ ಮಾತನ್ನು ಶಾಸನದಲ್ಲಿ ಓದಿದವರಿಗೆ ಈ ಫಲಕ ಇನ್ನಷ್ಟು ಹತ್ತಿರವಾಗುತ್ತದೆ.

ಮೇಲಂತಸ್ತಿನ ಮುಖ್ಯ ಸಾಲಿನಲ್ಲಿ ನಾಲ್ಕು ಕೋಣೆಗಳು, ಒಂದೊಂದಕ್ಕೆ ಎರಡರಂತೆ ಎಂಟು ಬಾಗಿಲುಗಳು. ಎಂಟು ಕಮಾನುಗಳ ನಡುವೆ ಮತ್ತು ಎರಡು ತುದಿಗಳಲ್ಲಿ ಸೇರಿ ಒಂಬತ್ತು ಫಲಕಗಳಾದವು. ಎರಡು ತುದಿಯ ಫಲಕಗಳಲ್ಲಿ ಕಾಣಿಕೆ ಹಿಡಿದು ಬರುವ ವಿದ್ಯಾಧರರು. ನಡುವಿನವುಗಳಲ್ಲಿ ಕಥೆಗಳು. ಆನೆಗಳಿಗೆ ಎದುರಾಗಿರುವ ಗಂಡಸು ಹೆಂಗಸರ ಗುಂಪು ಒಂದು ಕಡೆ. ಕತ್ತಿ ಗುರಾಣಿ ಹಿಡಿದು ಹೆಣ್ಣೂ ಗಂಡೂ ಹೋರಾಡುವುದು, ಕೊನೆಗೆ ಆಕೆಯನ್ನು ಹೊತ್ತೊಯ್ಯುವುದು ಇನ್ನೊಂದು ಕಡೆ. ಮತ್ತೊಂದರಲ್ಲಿ ಕುದುರೆಯಿಂದಿಳಿದು ಬಿಲ್ಲು ಹಿಡಿದ ಅರಸ, ಅವನ ಮುಂದೆ ಜಿಂಕೆಗಳು, ಮರದ ಮೇಲೆ ಕುಳಿತು ಅವನತ್ತ ನೋಡುತ್ತಿರುವ ಹೆಣ್ಣು.

ಗಣೇಶ ಗುಂಫಾ

ಉದಯಗಿರಿಯ 10ನೆಯ ಗುಹೆ ಗಣೇಶ ಗುಂಫಾ. ಒಳಗೆ ನಂತರದ ಕಾಲದಲ್ಲಿ ಕೆತ್ತಿದ ಗಣೇಶನಿಂದ ಈ ಹೆಸರು. ಮುಂದೆ ಎರಡು ಕಲ್ಲಿನ ಆನೆಗಳು ನಿಂತಿವೆ. ಕಮಾನುಗಳ ನಡುವೆ ಎರಡು ಕಥಾಫಲಕಗಳಿವೆ. ಒಂದರಲ್ಲಿ ರಾಣಿ ಗುಂಫಾದಲ್ಲಿ ಕಂಡ ಹೋರಾಟ ಮತ್ತು ಅಪಹರಣದ ಕಥೆಯೇ ಮತ್ತೆ ಬಂದಿದೆ. ಇನ್ನೊಂದರಲ್ಲಿ ಆನೆಯ ಮೇಲೆ ಓಡಿಹೋಗುತ್ತಿರುವ ಗಂಡು ಹೆಣ್ಣು, ಬೆನ್ನಟ್ಟಿ ಬರುವ ಸೈನಿಕರು, ಅವರ ಗಮನ ಬೇರೆಡೆ ಸೆಳೆಯಲು ಆನೆಯ ಹಿಂಭಾಗದಿಂದ ನಾಣ್ಯ ಚೆಲ್ಲುತ್ತಿರುವ ಸೇವಕ. ಮುಂದೆ ಅವರು ಆನೆಯಿಂದ ಇಳಿದು ನಡೆಯುತ್ತಾರೆ. ಕೊನೆಯಲ್ಲಿ ಆಕೆ ಮಂಚದ ಮೇಲೆ ಚಿಂತೆಯಲ್ಲಿದ್ದಾಳೆ. ಒಂದೇ ಚೌಕಟ್ಟಿನಲ್ಲಿ ಅದೇ ವ್ಯಕ್ತಿಗಳು ಮೂರು ನಾಲ್ಕು ಸಲ ಬರುವುದರಿಂದ ಎಡದಿಂದ ಬಲಕ್ಕೆ ಸಾಗಿ ಓದಬೇಕು.

ಇವು ಯಾವ ಕಥೆಗಳು?

ಅದೇ ಸುಮಾರಿನ ಬೌದ್ಧ ಸ್ಥಳವಾದ ಭರ್ಹುತ್‌ನಲ್ಲಿ ಅನೇಕ ಶಿಲ್ಪಗಳ ಪಕ್ಕದಲ್ಲಿ ಕಥೆಯ ಹೆಸರನ್ನೇ ಬರೆದಿದ್ದಾರೆ. ಇಲ್ಲಿನ ಕಥಾಫಲಕಗಳಿಗೆ ಅಂಥ ಹೆಸರಿಲ್ಲ. ಹಾಗಾಗಿ ಅಭಿಪ್ರಾಯಗಳು ಬೇರೆ ಬೇರೆಯಾಗಿವೆ.

20ನೆಯ ಶತಮಾನದ ಆರಂಭದಲ್ಲಿ ಕೆಲವರು ಇವನ್ನು ಭಗವಾನ್ ಪಾರ್ಶ್ವನಾಥರ ಜೀವನದ ಘಟನೆಗಳೆಂದು ಗುರುತಿಸಿದರು. ಪಾರ್ಶ್ವ ಕುಮಾರ ರಾಜಕುಮಾರಿ ಪ್ರಭಾವತಿಯನ್ನು ಕಲಿಂಗದ ಯವನ ಅರಸನಿಂದ ರಕ್ಷಿಸಿದ ಕಥೆ ಅವರ ಮನಸ್ಸಿನಲ್ಲಿತ್ತು. ಮುಂದೆ ವಾಸುದೇವ ಶರಣ ಅಗ್ರವಾಲ ಅವರು ಆನೆಯ ಮೇಲೆ ಓಡಿಹೋಗುವವರು ವತ್ಸದೇಶದ ಉದಯನ ಮತ್ತು ಉಜ್ಜಯಿನಿಯ ವಾಸವದತ್ತೆ ಎಂದೂ, ಬಿಲ್ಲು ಹಿಡಿದ ಅರಸ ದುಷ್ಯಂತ, ಮರದ ಮೇಲಿನವಳು ಶಕುಂತಲೆ ಎಂದೂ ಹೇಳಿದರು. ಉದಯನನ ಕಥೆ ಜೈನ, ಬೌದ್ಧ, ವೈದಿಕ ಮೂರೂ ಪರಂಪರೆಗಳಲ್ಲಿ ಪ್ರಸಿದ್ಧ.

ಅಹಿಂಸೆಯೇ ಪರಮಧರ್ಮವೆಂದ ಮುನಿಗಳ ಬಾಗಿಲ ಮೇಲೆ ಬೇಟೆ, ಯುದ್ಧ, ಅಪಹರಣ ಏಕೆ ಎಂದು ಯಾತ್ರಾರ್ಥಿಗಳು ಕೇಳುವುದು ಸಹಜ. ಕಥೆ ಯಾವುದೆಂದು ನಿರ್ಧಾರವಾಗದೆ ಇದಕ್ಕೆ ಪೂರ್ತಿ ಉತ್ತರ ಹೇಳಲಾಗದು. ಆದರೆ ಒಂದು ಸಂಗತಿ ಕಣ್ಣಿಗೆ ಕಾಣುವಂಥದು. ಈ ಚಿತ್ರಗಳೆಲ್ಲ ಮೊಗಸಾಲೆಗೆ ಮುಖ ಮಾಡಿವೆ. ಮೊಗಸಾಲೆಯ ಗೋಡೆಗುಂಟ ಕೂರಲು ಕಲ್ಲಿನ ಕಟ್ಟೆಯಿದೆ. ದರ್ಶನಕ್ಕೆ ಬಂದ ಗೃಹಸ್ಥರು ನಿಂತು ನೋಡುವ ಕಡೆ ಗೃಹಸ್ಥರ ಲೋಕದ ರಾಗ, ದ್ವೇಷ, ಭಯಗಳಿವೆ. ಅದರ ಕೆಳಗೆ ಬಗ್ಗಿ ಒಳಗೆ ಹೋದರೆ ಅವೊಂದೂ ಇಲ್ಲದ ಬೋಳು ಕೋಣೆ.

ತೀರ್ಥಂಕರರ ಮೂರ್ತಿ ಏಕಿಲ್ಲ?

ಈ ಹಳೆಯ ಕಮಾನುಗಳ ನಡುವೆ ತೀರ್ಥಂಕರರ ಮೂರ್ತಿ ಒಂದೂ ಇಲ್ಲ. ಆಗ ಜಿನಬಿಂಬವೇ ಇರಲಿಲ್ಲವೆಂದು ಇದರ ಅರ್ಥವಲ್ಲ. ಕಲಿಂಗ ಜಿನನ ಮಾತು ಅದೇ ಗುಡ್ಡದ ಶಾಸನದಲ್ಲಿದೆ. ಮಥುರೆಯ ಕಂಕಾಲಿ ದಿಬ್ಬದಲ್ಲಿ ದೊರೆತ ಆಯಾಗಪಟಗಳಲ್ಲೂ ಪದ್ಮಾಸನದ ಜಿನನನ್ನು ನಡುವೆ ಕೆತ್ತಿದ್ದಾರೆ. ಇಲ್ಲಿನ ಗುಹೆಗಳು ಮುನಿಗಳ ವಸತಿಯಾಗಿದ್ದವು, ಬಸದಿಗಳಾಗಿರಲಿಲ್ಲ ಎಂಬುದೇ ಸರಿಯಾದ ಕಾರಣವಿರಬೇಕು.

ಸಾವಿರ ವರ್ಷಗಳ ನಂತರ, ಸೋಮವಂಶಿ ಅರಸರ ಕಾಲದಲ್ಲಿ ಖಂಡಗಿರಿಯ ಕೆಲವು ಕೋಣೆಗಳು ಪೂಜಾಸ್ಥಳಗಳಾದವು. ನವಮುನಿ ಗುಂಫಾ, ಬಾರಭುಜಿ ಗುಂಫಾಗಳಲ್ಲಿ ಒಳಗೋಡೆಗಳ ಮೇಲೆ ತೀರ್ಥಂಕರರನ್ನೂ ಶಾಸನದೇವಿಯರನ್ನೂ ಕೆತ್ತಿದರು. ಬಾರಭುಜಿಯಲ್ಲಿ 24 ತೀರ್ಥಂಕರರಿದ್ದಾರೆ. ಅಂದರೆ ಶಿಲ್ಪ ಬಾಗಿಲ ಮೇಲಿಂದ ಕೋಣೆಯ ಒಳಕ್ಕೆ ಬಂತು. ಖಂಡಗಿರಿಯ ತುದಿಯ ಬಸದಿಯನ್ನು 19ನೆಯ ಶತಮಾನದಲ್ಲಿ ಕಟಕ ನಗರದ ಜೈನ ಶ್ರಾವಕರು ಕಟ್ಟಿಸಿದರು.

ಕರ್ನಾಟಕದಲ್ಲಿ ಇದರ ಮುಂದುವರಿಕೆ

ಕರ್ನಾಟಕದ ಹಳೆಯ ಬಸದಿಗಳು ಕಂಬ ಮತ್ತು ತೊಲೆಗಳ ರಚನೆಗಳು, ಅಲ್ಲಿ ಸಾಲುಕಮಾನು ಇಲ್ಲ. ಆದರೆ ಬಾಗಿಲ ತಲೆಯ ಜಾಗವನ್ನು ಮಂಗಲಕರ ಶಿಲ್ಪಕ್ಕೆ ಮೀಸಲಿಡುವ ಪದ್ಧತಿ ಉಳಿಯಿತು. ಗರ್ಭಗುಡಿಯ ಬಾಗಿಲವಾಡದ ಮೇಲೆ ನಡುವೆ ಕುಳಿತ ಜಿನಬಿಂಬ, ಮೂರ್ತಿಯ ಹಿಂದೆ ಮಕರತೋರಣ ಇವೆಲ್ಲ ಅದರ ರೂಪಗಳೇ. ಶ್ರವಣಬೆಳಗೊಳದ ದೊಡ್ಡಬೆಟ್ಟ ಹತ್ತುವಾಗ ಸಿಗುವ ಅಖಂಡ ಬಾಗಿಲನ್ನು ಒಂದೇ ಬಂಡೆಯಲ್ಲಿ ಕೊರೆದಿದ್ದಾರೆ. ಅದನ್ನು ಚಾವುಂಡರಾಯ ಮಾಡಿಸಿದನೆಂದು ಪರಂಪರೆಯ ಮಾತು. ಅದರ ತಲೆಯ ಮೇಲೆ ಎರಡು ಆನೆಗಳು ಅಭಿಷೇಕ ಮಾಡುತ್ತಿರುವ ಲಕ್ಷ್ಮಿ ಇದ್ದಾಳೆ. ಅನಂತ ಗುಂಫಾದ ಕಮಾನಿನೊಳಗೆ ಕುಳಿತವಳೂ ಅವಳೇ. ಎರಡರ ನಡುವೆ ಸಾವಿರ ವರ್ಷಗಳ ಅಂತರವಿದೆ.

ಸವೆತ ಮತ್ತು ಎಚ್ಚರ

ಈ ಗುಡ್ಡಗಳ ಕಲ್ಲು ದಪ್ಪ ಕಣದ ಮರಳುಗಲ್ಲು. ಬೆಳಗೊಳದ ಬಂಡೆಯಷ್ಟು ಗಟ್ಟಿಯಲ್ಲ. ಮಳೆ ನೀರು ಇಳಿದಲ್ಲಿ, ಗಾಳಿ ಬಡಿದಲ್ಲಿ ಪುಡಿಯಾಗುತ್ತದೆ. ಅನೇಕ ಗುಹೆಗಳಲ್ಲಿ ಮೊಗಸಾಲೆಯ ಮೂಲ ಕಂಬಗಳು ಬಿದ್ದುಹೋಗಿ ಹೊಸ ಆಸರೆ ಕೊಟ್ಟಿದ್ದಾರೆ. ಕಂಬ ಬಿದ್ದರೆ ಹೊಸ ಕಂಬ ನಿಲ್ಲಿಸಬಹುದು. ಕಮಾನಿನ ಮೂಲೆಯ ಮುಖವೊಂದು ಸವೆದರೆ ಮತ್ತೆ ಕೆತ್ತಲಾಗದು. ಹೊಸದಾಗಿ ಕೆತ್ತಿದರೆ ಅದು ಸಾಕ್ಷಿಯಾಗಿ ಉಳಿಯುವುದಿಲ್ಲ. ಮಂಚಪುರಿಯ ಪೀಠದ ಮೇಲೆ ಏನಿತ್ತು ಎಂಬ ಪ್ರಶ್ನೆ ಉತ್ತರವಿಲ್ಲದೆ ನಿಂತಿರುವುದು ಹೀಗೆಯೇ.

ಮಳೆ ಗಾಳಿಯನ್ನು ಯಾತ್ರಾರ್ಥಿಗಳು ತಡೆಯಲಾರರು. ಆದರೆ ಕೈಯಿಂದ ಆಗುವ ಹಾನಿ ತಡೆಯಬಹುದು. ಉಬ್ಬುಶಿಲ್ಪವನ್ನು ಮುಟ್ಟಿ ನಮಸ್ಕರಿಸುವುದು, ಕುಂಕುಮ, ಗಂಧ, ಎಣ್ಣೆ ಹಚ್ಚುವುದು, ಅರೆಗಂಬಕ್ಕೆ ಒರಗಿ ಫೋಟೋ ತೆಗೆಸಿಕೊಳ್ಳುವುದು, ಗೋಡೆಯ ಮೇಲೆ ಹೆಸರು ಗೀಚುವುದು ಇವೆಲ್ಲ ಮೆದು ಕಲ್ಲಿಗೆ ಪೆಟ್ಟು. ಭಕ್ತಿಯಿಂದ ಮುಟ್ಟಿದ ಕೈ, ಆಟಕ್ಕೆ ಮುಟ್ಟಿದ ಕೈ ಎಂದು ಕಲ್ಲಿಗೆ ಭೇದ ತಿಳಿಯದು. ಮಕ್ಕಳನ್ನು ಕರೆದೊಯ್ಯುವವರು ಒಳಗೆ ಹೋಗುವ ಮೊದಲೇ ಈ ಮಾತು ಹೇಳುವುದು ಒಳ್ಳೆಯದು.

ನೋಡುವ ಕ್ರಮ

ಬೆಳಗಿನ ಹೊತ್ತು ಹೋದರೆ ಬಿಸಿಲು ಕಡಿಮೆ. ಮೊದಲು ಉದಯಗಿರಿ. ರಾಣಿ ಗುಂಫಾದಲ್ಲಿ ಕೆಳ ಅಂತಸ್ತು ನೋಡಿ, ನಂತರ ಮೇಲಂತಸ್ತಿನ ಒಂಬತ್ತು ಫಲಕಗಳನ್ನು ಎಡದಿಂದ ಬಲಕ್ಕೆ ಸಾವಕಾಶವಾಗಿ ನೋಡಬೇಕು. ಬಳಿಕ ಜಯ-ವಿಜಯ, ಮಂಚಪುರಿ, ಗಣೇಶ ಗುಂಫಾ, ಕೊನೆಗೆ ಹಾಥಿಗುಂಫಾದ ಶಾಸನ. ರಸ್ತೆ ದಾಟಿ ಖಂಡಗಿರಿಯಲ್ಲಿ ತತೋವಾದ ಗಿಳಿಗಳು, ಅನಂತ ಗುಂಫಾದ ಹಾವು ಮತ್ತು ವಿದ್ಯಾಧರರು, ನವಮುನಿ, ಬಾರಭುಜಿ. ನಂತರ ತುದಿಯ ಬಸದಿಯಲ್ಲಿ ದರ್ಶನ. ದೂರದ ಶಿಲ್ಪ ನೋಡಲು ಚಿಕ್ಕ ದುರ್ಬೀನು ಇದ್ದರೆ ಅನುಕೂಲ. ಎರಡು ಗುಡ್ಡಗಳಿಗೂ ಸೇರಿ ಅರ್ಧ ದಿನ ಇಟ್ಟುಕೊಳ್ಳಬೇಕು.

ಪ್ರತಿ ಗುಹೆಯ ಮುಂದೆಯೂ ಕಣ್ಣು ಸಹಜವಾಗಿ ಬಾಗಿಲಿನ ಕತ್ತಲೆಯ ಕಡೆ ಹೋಗುತ್ತದೆ. ಒಳಗೆ ಹೋಗುವ ಮೊದಲು ಒಂದು ನಿಮಿಷ ನಿಂತು ಕಮಾನಿನ ಎಡ ಬಲ ನೋಡಬೇಕು. ಖಾರವೇಲನ ಕಾಲದ ಜೈನ ಗೃಹಸ್ಥರು ಹೇಗೆ ಕೈಮುಗಿದರು, ಏನು ತಂದರು, ಯಾವ ವಾದ್ಯ ನುಡಿಸಿದರು ಎಂಬುದೆಲ್ಲ ಉಳಿದಿರುವುದು ಅಲ್ಲಿಯೇ.